ಬಂಗಿಗೆ ಲೇಸರ್ ಯಾವಾಗ?

ಊರಿನ ಮದುವೆ ಹತ್ತಿರ ಬಂದಾಗಲೇ ಮುಖದ ಬಂಗು ನೆನಪಾಗುತ್ತದೆ. ಹದಿನೈದು ದಿನದಲ್ಲಿ ಹೋಗಲಿ ಎಂದು ಮಾಲ್ ಪಕ್ಕದ ಸ್ಕಿನ್ ಕ್ಲಿನಿಕ್ಕಿಗೆ ಓಡುತ್ತೇವೆ. ಆದರೆ ಬಂಗು ಅವಸರಕ್ಕೆ ಬಗ್ಗುವುದಿಲ್ಲ.

ಮೊದಲ ಕೆಲಸ ಬಿಸಿಲು ತಡೆಯುವುದು. ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ದಿನವೂ ಇರಲಿ, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಇನ್ನೂ ಒಳ್ಳೆಯದು, ಏಕೆಂದರೆ ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಗಾಢವಾಗಿಸುತ್ತದೆ. ಗರ್ಭನಿರೋಧಕ ಮಾತ್ರೆಯೂ ಕಾರಣವಿರಬಹುದು, ವೈದ್ಯರಿಗೆ ತಿಳಿಸಿ.

ಎರಡು ಮೂರು ತಿಂಗಳಾದರೂ ಕಡಿಮೆಯಾಗದಿದ್ದರೆ ಚರ್ಮರೋಗ ತಜ್ಞರನ್ನು ಕಾಣಿ. ಸಾಮಾನ್ಯವಾಗಿ ಮೊದಲು ಕ್ರೀಮು, ಪೀಲ್ ಮತ್ತು ಲೇಸರ್ ಆಮೇಲೆ. ನಮ್ಮಂಥ ಗೋಧಿಬಣ್ಣ, ಕಪ್ಪುಬಣ್ಣದ ಚರ್ಮಕ್ಕೆ ಶಾಖ ಹೆಚ್ಚಾದರೆ ಕಲೆ ಇನ್ನಷ್ಟು ಕಪ್ಪಾಗುವುದುಂಟು.

ಗೆಳತಿ ಹೇಳಿದ ‘ಬಿಳಿ ಮಾಡುವ’ ಕ್ರೀಮು ಬೇಡ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಏಳುತ್ತದೆ. ಇಂಥ ಹಲವು ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ.

ಕುತ್ತಿಗೆ, ಕಂಕುಳು ಮಖಮಲ್ಲಿನಂತೆ ದಪ್ಪಗೆ ಕಪ್ಪಾಗಿದೆಯೇ? ಅದಕ್ಕೆ ಫೇಶಿಯಲ್ ಅಲ್ಲ, ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿ.

ಪ್ಯಾಕೇಜಿಗೆ ಹಣ ಕಟ್ಟುವ ಮುಂಚೆ ಮೂರು ಮಾತು ಕೇಳಿ: ಯಂತ್ರ ಹಿಡಿಯುವವರು ಯಾರು? ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡುತ್ತೀರಾ? ಬಂಗು ಮರಳಿದರೆ ಏನು? ಅದು ಮರಳುವುದೇ ಹೆಚ್ಚು. ಶಾಶ್ವತವಾಗಿ ಹೋಗುತ್ತದೆ ಎಂದವರ ಬಳಿಯಿಂದ ಎದ್ದು ಬನ್ನಿ.