ಐವತ್ತರಲ್ಲಿ ಹೇಳಿದರೇನು?

ನಡುವಯಸ್ಸು ದಾಟಿದ ಮೇಲೆ ‘ನಾನು ಹೆಣ್ಣು’ ಎನ್ನುವುದು ಬರೀ ಷೋಕಿ, ನಿಜವಾಗಿದ್ದರೆ ಚಿಕ್ಕಂದಿನಲ್ಲೇ ಗೊತ್ತಾಗುತ್ತಿರಲಿಲ್ಲವೇ ಎಂದು ಕಳೆದ ಸಂಚಿಕೆಯ ಲೇಖಕರು ಕೇಳಿದ್ದಾರೆ. ಗೊತ್ತಾಗುವುದು ಬೇರೆ, ಬಾಯಿಬಿಟ್ಟು ಹೇಳುವುದು ಬೇರೆ. 1953ರ ಎವರೆಸ್ಟ್ ವಿಜಯದ ಸುದ್ದಿಯನ್ನು ಲಂಡನ್ನಿನ ‘ಟೈಮ್ಸ್’ಗೆ ಮುಟ್ಟಿಸಿದ ಜೇಮ್ಸ್ ಮಾರಿಸ್ ಸೇನೆಯಲ್ಲಿದ್ದವರು, ಮಕ್ಕಳೊಂದಿಗ. 1972ರಲ್ಲಿ ಕಾಸಾಬ್ಲಾಂಕಾದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಜ್ಯಾನ್ ಮಾರಿಸ್ ಆದಾಗ ವಯಸ್ಸು ನಲವತ್ತೈದು ದಾಟಿತ್ತು. ಆದರೆ ತಾನು ಹೆಣ್ಣೆಂದು ತಿಳಿದದ್ದು ಮೂರೋ ನಾಲ್ಕೋ ವರ್ಷದವಳಿದ್ದಾಗ, ಅಮ್ಮನ ಪಿಯಾನೊದ ಕೆಳಗೆ ಕೂತಿದ್ದಾಗ ಎಂದು 1974ರ ಆತ್ಮಕಥನದಲ್ಲಿ ಅವರೇ ಬರೆದಿದ್ದಾರೆ. ನಮ್ಮಲ್ಲಿ ಲಿಂಗ ಗುರುತನ್ನು ತಾವೇ ನಿರ್ಧರಿಸಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ ಒಪ್ಪಿದ್ದೇ 2014ರಲ್ಲಿ. ಅದಕ್ಕೆ ಮೂರೇ ವರ್ಷ ಮುಂಚೆ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿತ್ತು; ಅಪರಾಧದ ಶಂಕೆಯಿದ್ದ ತೃತೀಯಲಿಂಗಿಗಳ ಹೆಸರು-ವಿಳಾಸವನ್ನು ಪೊಲೀಸರು ಪಟ್ಟಿ ಮಾಡಿಡಬಹುದಿತ್ತಂತೆ! ಆಗ ಬಾಯಿ ಮುಚ್ಚಿಕೊಂಡಿದ್ದವರನ್ನು ಈಗ ‘ಯಾಕೆ ತಡ’ ಎನ್ನುವುದು ಯಾವ ನ್ಯಾಯ?

ಹೆಂಡತಿ ಮಕ್ಕಳ ಗತಿಯೇನು ಎಂಬ ಅವರ ಇನ್ನೊಂದು ಪ್ರಶ್ನೆಗೆ ಮಾತ್ರ ತೂಕವಿದೆ. ಆ ಮನೆಯವರ ಸಂಕಟ ಸುಳ್ಳಲ್ಲ. ಇಪ್ಪತ್ತರಲ್ಲೇ ಹೇಳಲು ಬಿಟ್ಟಿದ್ದರೆ ಆ ಸಂಕಟವೇ ಹುಟ್ಟುತ್ತಿರಲಿಲ್ಲ. ಮಾರಿಸ್ ದಂಪತಿಗೆ ಅಂದಿನ ಬ್ರಿಟಿಷ್ ಕಾನೂನು ವಿಚ್ಛೇದನ ಹೇರಿತು. ಆದರೂ ಇಬ್ಬರೂ ಒಟ್ಟಿಗೇ ಬಾಳಿ, 2008ರಲ್ಲಿ ಸಂಗಾತಿಗಳೆಂದು ಮತ್ತೆ ರುಜು ಹಾಕಿದರು.