ಗಬ್ಬ ನಿಲ್ಲದಿದ್ದರೆ ಹಸುವಿನದೇ ತಪ್ಪೇ? ಊರಿನ ಹೋರಿಗೂ ಒಂದು ಪರೀಕ್ಷೆ ಆಗಲಿ

ಮೂರು ಸಲ ಹೋರಿ ಕೊಡಿಸಿದರೂ ಹಸು ಗಬ್ಬ ನಿಲ್ಲಲಿಲ್ಲ ಅಂದರೆ ನಮ್ಮ ಊರುಗಳಲ್ಲಿ ತೀರ್ಪು ಬೇಗ ಬರುತ್ತದೆ: ಹಸು ಗೊಡ್ಡು. ಖನಿಜ ಮಿಶ್ರಣ ತಿನ್ನಿಸುತ್ತೇವೆ, ಡಾಕ್ಟರನ್ನು ಕರೆಸಿ ಔಷಧಿ ಹಾಕಿಸುತ್ತೇವೆ, ದೇವರಿಗೆ ಹರಕೆ ಹೊರುತ್ತೇವೆ, ಕೊನೆಗೆ ಸಂತೆಗೆ ಹೊಡೆಯುತ್ತೇವೆ. ಇಷ್ಟೆಲ್ಲ ಆಗುವಾಗ ಹೋರಿಯ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಮೈತುಂಬಿಕೊಂಡಿದೆ, ಹಿಣಿಲು ಎದ್ದಿದೆ, ಬೆದೆಗೆ ಬಂದ ಹಸು ಕಂಡರೆ ಹಗ್ಗ ಕಿತ್ತುಕೊಳ್ಳುತ್ತದೆ. ಇನ್ನೇನು ಬೇಕು ಅಂತ ಸುಮ್ಮನಾಗುತ್ತೇವೆ. (ಮಕ್ಕಳಾಗದಿದ್ದರೆ ಸೊಸೆಯನ್ನು ಮಾತ್ರ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಮನೆಗಳಲ್ಲಿ ಕೊಟ್ಟಿಗೆಯ ನ್ಯಾಯವೂ ಹಾಗೇ ಇರುತ್ತದೆ, ಬಿಡಿ.)

ಗಬ್ಬ ನಿಲ್ಲದಿರಲು ಮೇವಿನ ಕೊರತೆಯಿಂದ ಹಿಡಿದು ಬೆದೆ ತಪ್ಪಿ ಗುರುತಿಸುವವರೆಗೆ ಹತ್ತು ಕಾರಣ ಇರಬಹುದು. ಆದರೆ ಒಂದೇ ಹೋರಿಗೆ ಬಿಟ್ಟ ನಾಲ್ಕಾರು ಮನೆಯ ಹಸುಗಳು ಒಟ್ಟಿಗೆ ತಿರುಗಿ ಬೆದೆಗೆ ಬರುತ್ತಿದ್ದರೆ ಅನುಮಾನ ಮೊದಲು ಹೋರಿಯ ಮೇಲೆ ಹೋಗಬೇಕು. ಹಸುವಿಗೆ ತೊಂದರೆ ಇದ್ದರೆ ಒಂದು ಮನೆಯ ಕರು ತಪ್ಪುತ್ತದೆ. ಹೋರಿಗೆ ಸೋಂಕು ತಗುಲಿದರೆ ಊರಿನ ಕರುಗಳೇ ತಪ್ಪುತ್ತವೆ. ಹಾಗಾಗಿ ಊರಿನ ಹಸು, ಎಮ್ಮೆಗಳಿಗೆ ಬಿಡುವ ಪ್ರತಿ ಹೋರಿ, ಪ್ರತಿ ಕೋಣಕ್ಕೂ ವರ್ಷಕ್ಕೊಮ್ಮೆ ಸೋಂಕಿನ ಪರೀಕ್ಷೆ ಆಗಲೇಬೇಕು, ಅದರ ಖರ್ಚು ಹೋರಿ ಸಾಕಿದವನೊಬ್ಬನ ತಲೆಗೆ ಬೀಳಬಾರದು ಎನ್ನುವುದು ನಮ್ಮ ಅಭಿಪ್ರಾಯ.

ಸೋಂಕುಗಳಲ್ಲಿ ನಮ್ಮವರಿಗೆ ಚೆನ್ನಾಗಿ ಗೊತ್ತಿರುವುದು ಕಂದು ಹಾಕುವ ರೋಗ, ಡಾಕ್ಟರುಗಳು ಹೇಳುವ ಬ್ರುಸೆಲ್ಲೋಸಿಸ್. ಇದು ಹಸುವಿನ ರೋಗ, ಏಳೆಂಟು ತಿಂಗಳಿಗೆ ಕರು ಹಾಕಿಬಿಡುತ್ತದೆ ಅಂತ ತಿಳಿದುಕೊಂಡಿದ್ದೇವೆ. ಅದೇ ಬ್ಯಾಕ್ಟೀರಿಯಾ ಹೋರಿಯ ಮೈಗೆ ಹೊಕ್ಕರೆ ಬೀಜದಲ್ಲಿ, ಅಂದರೆ ವೃಷಣದಲ್ಲಿ, ಮತ್ತು ವೀರ್ಯ ಗ್ರಂಥಿಗಳಲ್ಲಿ ಮನೆ ಮಾಡುತ್ತದೆ. ಸಾಮಾನ್ಯವಾಗಿ ಒಂದು ಕಡೆಯ ಬೀಜ ಊದಿ ಬಿಸಿಯಾಗುತ್ತದೆ, ಮುಟ್ಟಿದರೆ ಹೋರಿ ಒದೆಯುತ್ತದೆ. ಕೆಲವು ತಿಂಗಳ ಮೇಲೆ ಊತ ಇಳಿದು ಆ ಬೀಜ ಗಟ್ಟಿಯಾಗಿ ಸೊರಗಬಹುದು. ಊತ ಇಳಿಯಿತು, ವಾಸಿಯಾಯಿತು ಅಂತ ಮತ್ತೆ ಹಸುಗಳಿಗೆ ಬಿಡುವುದು ಆಗಲೇ. ಆದರೆ ಸೋಂಕು ಒಳಗೇ ಇರುತ್ತದೆ. ಎಷ್ಟೋ ಹೋರಿಗಳಲ್ಲಿ ಈ ಊತವೂ ಕಾಣಿಸುವುದಿಲ್ಲ.

ಬೀಜ ಮೈಯಿಂದ ಹೊರಗೆ ಜೋತಾಡುವುದಕ್ಕೆ ಕಾರಣವಿದೆ. ವೀರ್ಯಾಣು ತಯಾರಾಗಲು ಮೈಯ ಶಾಖಕ್ಕಿಂತ ಕೆಲವು ಡಿಗ್ರಿ ತಂಪು ಬೇಕು. ಸೋಂಕಿನಿಂದ ಊದಿಕೊಂಡು ಬಿಸಿಯಾದರೆ ಆ ಕೆಲಸ ಕೆಡುತ್ತದೆ. ಹೋರಿಯಲ್ಲಿ ಒಂದು ವೀರ್ಯಾಣು ತಯಾರಾಗಲು ಸುಮಾರು 61 ದಿನ ಬೇಕು, ಬಲಿತು ಹೊರಬರಲು ಇನ್ನೊಂದು ವಾರ, ಹತ್ತು ದಿನ. ಹಾಗಾಗಿ ಯಾವುದೇ ಕಾಯಿಲೆಯಿಂದ ಹೋರಿಗೆ ಜೋರು ಜ್ವರ ಬಂದು ಹೋದರೂ ಎರಡು, ಎರಡೂವರೆ ತಿಂಗಳು ಅದನ್ನು ನಂಬುವ ಹಾಗಿಲ್ಲ. ಜ್ವರ ಬಿಟ್ಟ ಮರುವಾರವೇ ಹಸುವಿಗೆ ಬಿಟ್ಟು, ಮೂರು ಬೆದೆ ಕಳೆದು, ಹಸು ಗೊಡ್ಡು ಅಂದರೆ ಹೇಗೆ? ಒಂದು ಬೆದೆಗೆ 21 ದಿನದಂತೆ ಮೂರು ಬೆದೆಗೆ 63 ದಿನ. ಅಷ್ಟು ದಿನದ ಹಿಂಡಿ, ಬೂಸಾ, ಹುಲ್ಲಿನ ಲೆಕ್ಕ ನೀವೇ ಹಾಕಿ.

ಇದಕ್ಕಿಂತ ಕಳ್ಳ ಸೋಂಕು ಇನ್ನೊಂದಿದೆ. ಹೆಸರು ಕ್ಯಾಂಪೈಲೋಬ್ಯಾಕ್ಟರ್, ಹಳೆಯ ಡಾಕ್ಟರುಗಳ ಬಾಯಲ್ಲಿ ವಿಬ್ರಿಯೋಸಿಸ್. ಇದು ಹೋರಿಯ ಮುಂದೊಗಲಿನ ಒಳಮಡಿಕೆಗಳಲ್ಲಿ ಕೂತಿರುತ್ತದೆ. ಹೋರಿಗೆ ಜ್ವರವಿಲ್ಲ, ಊತವಿಲ್ಲ, ಹಾರುವ ಉತ್ಸಾಹವೂ ಕಡಿಮೆಯಾಗುವುದಿಲ್ಲ, ವೀರ್ಯವೂ ನೋಡಲು ಚೆನ್ನಾಗಿಯೇ ಇರುತ್ತದೆ. ವಯಸ್ಸಾದಂತೆ ಮಡಿಕೆಗಳು ಆಳವಾಗುವುದರಿಂದ ನಾಲ್ಕೈದು ವರ್ಷ ದಾಟಿದ ಹೋರಿಗಳಲ್ಲಿ ಇದು ಬೇರೂರುವುದು ಹೆಚ್ಚು. ಹಾರಿದಾಗ ಹಸುವಿಗೆ ದಾಟುತ್ತದೆ. ಹಸು ಗಬ್ಬ ಕಟ್ಟುತ್ತದೆ, ಆದರೆ ಭ್ರೂಣ ಕಣ್ಣಿಗೆ ಕಾಣದಷ್ಟು ಚಿಕ್ಕದಿರುವಾಗಲೇ ಸಾಯುತ್ತದೆ. ಹಾಗಾಗಿ ಅದು ಮತ್ತೆ ಬೆದೆಗೆ ಬರುವುದು ಸರಿಯಾಗಿ 21ನೇ ದಿನಕ್ಕಲ್ಲ, ತಿಂಗಳಿಗೋ ಒಂದೂವರೆ ತಿಂಗಳಿಗೋ. ಲೆಕ್ಕ ತಪ್ಪಿ ತಿರುಗಿ ಬರುವ ಬೆದೆಯೇ ಇಲ್ಲಿ ಸುಳಿವು. ಬೆದೆಗೆ ಬಂದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವ ಹೆಂಗಸರಿಗೆ ಇದು ಡಾಕ್ಟರಿಗಿಂತ ಮೊದಲೇ ತಿಳಿಯುತ್ತದೆ.

ಇದರಲ್ಲೊಂದು ತಮಾಷೆಯೂ ಇದೆ. ಸೋಂಕು ತಗುಲಿದ ಹಸುಗಳಲ್ಲಿ ಹೆಚ್ಚಿನವು ಕೆಲವು ತಿಂಗಳಲ್ಲಿ ತಾವೇ ಚೇತರಿಸಿಕೊಂಡು ಗಬ್ಬ ನಿಲ್ಲುತ್ತವೆ. ಆಗ ಹೆಸರು ಬರುವುದು ಕಟ್ಟಿದ ತಾಯಿತಕ್ಕೆ ಅಥವಾ ಕೊನೆಗೆ ಕೊಟ್ಟ ಔಷಧಿಗೆ. ಹೋರಿ ಮಾತ್ರ ಸೋಂಕನ್ನು ಹೊತ್ತುಕೊಂಡು ಪಕ್ಕದ ಬೀದಿಯ ಪಡ್ಡೆಗಳ ಮೇಲೆ ಹಾರುತ್ತಿರುತ್ತದೆ.

ಕೆಸರಿನಲ್ಲಿ ಮಲಗಿ, ಗಾಯವಾಗಿ ಕೀವು ಕಟ್ಟುವ ಸೋಂಕುಗಳೂ ಇವೆ. ಅವು ಕಣ್ಣಿಗೆ ಕಾಣುವುದರಿಂದ ಹೇಗೋ ಡಾಕ್ಟರ್ ಹತ್ತಿರ ಹೋಗುತ್ತವೆ.

‘ನಾವು ಹೋರಿ ಬಿಡುವುದೇ ಇಲ್ಲ, ಇಂಜೆಕ್ಷನ್ ಕೊಡಿಸುತ್ತೇವೆ’ ಎನ್ನುವವರೂ ಒಂದು ವಿಷಯ ತಿಳಿದಿರಬೇಕು. ವೀರ್ಯದ ಕಡ್ಡಿಗಳನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ. ಆ ಚಳಿ ವೀರ್ಯಾಣುವನ್ನು ಕಾಪಾಡುವ ಹಾಗೆ ಬ್ಯಾಕ್ಟೀರಿಯಾವನ್ನೂ ಕಾಪಾಡುತ್ತದೆ. ಕಡ್ಡಿಯಲ್ಲಿ ಬ್ರುಸೆಲ್ಲಾ ಇದ್ದರೆ ಅದು ನೇರ ಗರ್ಭಕೋಶಕ್ಕೇ ಇಳಿಯುತ್ತದೆ, ಹೋರಿ ಹಾರಿದಾಗ ಆಗುವುದಕ್ಕಿಂತ ಇದು ಅಪಾಯ. ಅದಕ್ಕೇ ಹೆಸರಘಟ್ಟದಂಥ ವೀರ್ಯ ಕೇಂದ್ರಗಳ ಹೋರಿಗಳಿಗೆ ಬ್ರುಸೆಲ್ಲೋಸಿಸ್, ಕ್ಷಯ, ಕ್ಯಾಂಪೈಲೋಬ್ಯಾಕ್ಟರ್ ಮುಂತಾದವುಗಳ ಪರೀಕ್ಷೆ ಮತ್ತೆ ಮತ್ತೆ ಆಗಬೇಕೆಂಬ ನಿಯಮವಿದೆ. ಕಡ್ಡಿ ಯಾವ ಕೇಂದ್ರದ್ದು, ಯಾವ ಹೋರಿಯ ನಂಬರು ಅಂತ ಅದರ ಮೇಲೇ ಅಚ್ಚಾಗಿರುತ್ತದೆ, ಹಾಕಿಸುವಾಗ ಕೇಳಿ ಬರೆದಿಟ್ಟುಕೊಳ್ಳಿ. ಸರ್ಕಾರಿ ಹೋರಿಗೆ ಇಷ್ಟು ಕಟ್ಟುನಿಟ್ಟು, ಊರ ಹೋರಿಗೆ ಏನೂ ಇಲ್ಲ. ನಮ್ಮ ತಕರಾರು ಇರುವುದೇ ಇಲ್ಲಿ.

ಲಸಿಕೆ ಇದೆಯಲ್ಲ ಅನ್ನಬಹುದು. 2019ರ ಸೆಪ್ಟೆಂಬರಿನಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಬ್ರುಸೆಲ್ಲಾ ಲಸಿಕೆ ಹಾಕುತ್ತಾರೆ, ಜೀವಮಾನಕ್ಕೆ ಒಂದೇ ಸಲ. ಗಂಡು ಕರುವಿಗೆ ಹಾಕುವುದಿಲ್ಲ. ಈ ಲಸಿಕೆಯಲ್ಲಿರುವುದು ಬಲ ತಗ್ಗಿಸಿದ ಜೀವಂತ ಬ್ಯಾಕ್ಟೀರಿಯಾ, ಅದು ಗಂಡಿನ ಬೀಜಕ್ಕೇ ಹೋಗಿ ಕೂರಬಹುದು. ಅಂದಮೇಲೆ ಬೀಜದ ಹೋರಿಗೆ ಉಳಿದಿರುವುದು ಪರೀಕ್ಷೆಯೊಂದೇ.

ಬ್ರುಸೆಲ್ಲಾಕ್ಕೆ ಕುತ್ತಿಗೆಯಿಂದ ಸ್ವಲ್ಪ ರಕ್ತ ತೆಗೆದರೆ ಸಾಕು. ಆ ರಕ್ತದ ಸೀರಮ್ಮಿನ ಒಂದು ಹನಿಗೆ ಗುಲಾಬಿ ಬಣ್ಣದ ದ್ರವದ ಒಂದು ಹನಿ ಬೆರೆಸಿದರೆ ನಾಲ್ಕು ನಿಮಿಷದಲ್ಲಿ ಗೊತ್ತಾಗುತ್ತದೆ. ಅನುಮಾನ ಬಂದರೆ ಇನ್ನೊಂದು ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳುತ್ತಾರೆ. ಕ್ಯಾಂಪೈಲೋಬ್ಯಾಕ್ಟರಿಗೆ ಮುಂದೊಗಲು ತೊಳೆದ ನೀರನ್ನು ಲ್ಯಾಬಿಗೆ ಕಳಿಸಬೇಕು. ಒಂದು ಸಲದ್ದು ನಂಬುವಂತಿಲ್ಲ, ಎರಡು ಮೂರು ಸಲ ಮಾಡಿಸಬೇಕು. ಪಶು ಆಸ್ಪತ್ರೆಯಲ್ಲಿ ಕೇಳಿದರೆ ಮಾದರಿ ಎಲ್ಲಿಗೆ ಕಳಿಸಬೇಕೆಂದು ಹೇಳುತ್ತಾರೆ. ಕೇಳುವವರೇ ಇಲ್ಲ ಅನ್ನುವುದೇ ಕಷ್ಟ.

ದೇವರಿಗೆ ಬಿಟ್ಟ ಗೂಳಿಗೆ ಸೂಜಿ ಚುಚ್ಚುವುದೇ ಅಂತ ಕೆಲವರು ಮುಖ ಸಿಂಡರಿಸುತ್ತಾರೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಊರೂರಲ್ಲಿ ಸೂಜಿ ಚುಚ್ಚಿಸಿದ್ದೇವೆ. ದೇವರು ಆಗ ಬೇಡ ಅನ್ನಲಿಲ್ಲ.

ಇದು ಬರೀ ಕರುವಿನ ಮಾತೂ ಅಲ್ಲ. ಬ್ರುಸೆಲ್ಲಾ ಮನುಷ್ಯರಿಗೂ ಬರುತ್ತದೆ. ಕಂದು ಹಾಕಿದ ಕರುವನ್ನು, ಮಾಸನ್ನು ಬರಿಗೈಯಲ್ಲಿ ಎತ್ತಿದರೆ, ಹಸಿ ಹಾಲು ಕುಡಿದರೆ ಬರುತ್ತದೆ. ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು, ಸೊಂಟ, ಕೀಲು ನೋವು. ಗಂಡಸರಲ್ಲಿ ವೃಷಣವೂ ಊದಿಕೊಳ್ಳಬಹುದು. ವಾರಗಟ್ಟಲೆ ಬಿಡದ ಜ್ವರಕ್ಕೆ ಡಾಕ್ಟರ್ ಹತ್ತಿರ ಹೋದಾಗ ‘ಮನೆಯಲ್ಲಿ ದನ ಇವೆ’ ಅಂತ ಒಂದು ಮಾತು ಹೇಳಿ.

ಇನ್ನು ಹೋರಿ ಸಾಕಿದವನ ಪಾಡು. ಬ್ರುಸೆಲ್ಲಾ ಇದೆ ಅಂತಾದರೆ ಆ ಹೋರಿಯನ್ನು ಮತ್ತೆಂದೂ ಹಸುವಿಗೆ ಬಿಡುವ ಹಾಗಿಲ್ಲ, ನಂಬಿಕೊಳ್ಳುವಂಥ ಚಿಕಿತ್ಸೆಯೂ ಇಲ್ಲ. ಕರು ತಂದು, ಮೂರು ವರ್ಷ ಮೇಯಿಸಿ, ಒಂದು ಹಸುವಿಗೆ ಇಷ್ಟು ಅಂತ ತೆಗೆದುಕೊಂಡು ಸಂಸಾರ ನಡೆಸುವವನಿಗೆ ಅದು ಸಣ್ಣ ಪೆಟ್ಟಲ್ಲ. ಹೆದರಿ ಗುಟ್ಟಾಗಿ ದೂರದ ಜಾತ್ರೆಗೆ ಹೊಡೆದರೆ ರೋಗ ಇನ್ನೊಂದು ತಾಲ್ಲೂಕಿಗೆ ಹೋಯಿತು. ಪರೀಕ್ಷೆ ಮಾಡಿಸಿದವನೇ ಕೆಟ್ಟವನಾದರೆ ಮುಂದಿನ ವರ್ಷ ಯಾರೂ ಮಾಡಿಸುವುದಿಲ್ಲ. ಅದಕ್ಕೇ ಡೇರಿ ಸಂಘ, ಪಂಚಾಯಿತಿ ಇಬ್ಬರೂ ಇದರಲ್ಲಿ ಬರಬೇಕು ಅನ್ನುತ್ತಿದ್ದೇವೆ. ಸಂಘಕ್ಕೆ ಬರುವ ಹಾಲಿನಲ್ಲೇ ಬ್ರುಸೆಲ್ಲಾ ಸುಳಿವು ಹಿಡಿಯುವ ಸುಲಭ ಪರೀಕ್ಷೆಯೂ ಇದೆ. ಕೊಬ್ಬಿನ ಅಂಶ ದಿನಾ ಅಳೆಯುವವರಿಗೆ ವರ್ಷಕ್ಕೆರಡು ಸಲ ಇದನ್ನು ಮಾಡಿಸುವುದು ಕಷ್ಟವಲ್ಲ. ಸೋಂಕು ಸಿಕ್ಕ ಹೋರಿಯ ಮಾಲೀಕನಿಗೆ ಹೊಸ ಹೋರಿಕರು ತರಲು ಸಂಘ ಸಾಲವನ್ನೋ ಸಹಾಯಧನವನ್ನೋ ಕೊಡಲಿ. ಅಲ್ಲಿಯವರೆಗೆ ಊರಿನ ಹಸುಗಳಿಗೆ ಆಸ್ಪತ್ರೆಯ ಕಡ್ಡಿ ಹಾಕಿಸಿ. ಹೊಸ ಹೋರಿಕರು ತರುವ ಮೊದಲೇ ರಕ್ತ ಪರೀಕ್ಷೆ ಮಾಡಿಸಿ, ತಂದ ಮೇಲೆ ಒಂದು ತಿಂಗಳು ಬೇರೆ ಕಟ್ಟಿ, ಇನ್ನೊಮ್ಮೆ ಮಾಡಿಸಿ ಆಮೇಲೆ ಬಿಡಿ.