ಬಡಾವಣೆಯ ಭದ್ರತೆ: ಆದ್ಯತೆ ಯಾರಿಗೆ?

ಮುಂಬಯಿಯಂತಹ ಮಹಾನಗರದ ಪೋಲೀಸ್ ಠಾಣೆಯೊಂದರ ದಿನಚರಿಯನ್ನು ಬಲ್ಲವರಿಗೆ, ಬಡಾವಣೆಯ ಗಸ್ತಿಗೆಂದು ಅಲ್ಲಿ ಸಿಬ್ಬಂದಿ ಉಳಿಯುವುದೇ ಸೋಜಿಗವೆನಿಸೀತು. ಗಣ್ಯರ ಆಗಮನದ ಬಂದೋಬಸ್ತು, ಗಣೇಶ ವಿಸರ್ಜನೆ, ಚುನಾವಣೆ, ನ್ಯಾಯಾಲಯದ ಹಾಜರಿ, ಪಾಸ್‌ಪೋರ್ಟ್ ಅರ್ಜಿಗಳ ವಿಚಾರಣೆ ಇವೆಲ್ಲ ಕಳೆದು ಮಿಕ್ಕುವ ಹೊತ್ತು ಅತ್ಯಲ್ಪ. ಆ ಅಲ್ಪವನ್ನು ಯಾವ ಗಲ್ಲಿಗೆ, ಯಾವ ವೇಳೆಯಲ್ಲಿ, ಯಾವ ಅಪಾಯದ ನಿವಾರಣೆಗೆ ವಿನಿಯೋಗಿಸಬೇಕು? ಬ್ಯಾಂಕಿನ ಸಾಲದಂತೆ ಇದೂ ಹಂಚಿಕೆಯ ಪ್ರಶ್ನೆಯೇ. ಆದರೆ ಬ್ಯಾಂಕುಗಳಿಗೆ ಒಂದು ಕಟ್ಟುಪಾಡಿದೆ. ದೇಶೀಯ ವಾಣಿಜ್ಯ ಬ್ಯಾಂಕುಗಳು ಕೊಡುವ ಸಾಲದಲ್ಲಿ ಶೇಕಡಾ 40ರಷ್ಟು ಆದ್ಯತಾ ರಂಗಕ್ಕೆ ಸಲ್ಲಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಹಾಗೆ ವಿಧಿಸದಿದ್ದಲ್ಲಿ ಸಣ್ಣ ರೈತನೂ ಕಿರು ಉದ್ಯಮಿಯೂ ಬಾಗಿಲಲ್ಲೇ ನಿಂತಿರುತ್ತಿದ್ದರು. ಪೋಲೀಸರ ವೇಳೆಗೆ ಅಂತಹ ಆದ್ಯತಾ ರಂಗವಿಲ್ಲ.

ಸದ್ಯಕ್ಕೆ ಅದನ್ನು ಗೊತ್ತುಮಾಡುವ ಶಕ್ತಿಗಳು ಎರಡು: ದಾಖಲಾದ ದೂರುಗಳ ಅಂಕಿಸಂಖ್ಯೆ ಮತ್ತು ಠಾಣೆಯವರೆಗೆ ಮುಟ್ಟುವ ದೊಡ್ಡ ದನಿ. ಅಂಕಿಸಂಖ್ಯೆಯಾದರೂ ನಿಷ್ಪಕ್ಷಪಾತಿಯಲ್ಲವೇ ಎಂದು ಯಾರಾದರೂ ಕೇಳಬಹುದು. ಅಲ್ಲ. ರಾತ್ರಿ ಹನ್ನೆರಡಕ್ಕೆ ಹೋಟೆಲಿನ ಕೆಲಸ ಮುಗಿಸಿ ಖೋಲಿಗೆ ಮರಳುವ ಹುಡುಗನ ಮೊಬೈಲನ್ನು ಯಾರೋ ಕಸಿದೊಯ್ದರೆ ಆತ ದೂರು ಕೊಡುವುದು ಅಪರೂಪ. ಬೆಳಗ್ಗೆ ಮತ್ತೆ ಕೆಲಸಕ್ಕೆ ಹಾಜರಾಗಬೇಕು. ಅರ್ಧ ದಿನ ಠಾಣೆಯಲ್ಲಿ ಕಾದರೆ ಅರ್ಧ ದಿನದ ಸಂಬಳ ಹೋಯಿತು. ಮನೆಗೆಲಸದ ಹೆಂಗಸು ಕತ್ತಲೆಯ ಸಬ್‌ವೇಯಲ್ಲಿ ಕೇಳಿಸಿಕೊಳ್ಳುವ ಮಾತು ಯಾವ ದಫ್ತರಕ್ಕೂ ಏರುವುದಿಲ್ಲ. ಸರಗಳ್ಳರಿಗೆ ಹೆದರಿ ಸಂಜೆಯ ವಾಯುವಿಹಾರವನ್ನೇ ಬಿಟ್ಟ ಮಧುಮೇಹದ ವೃದ್ಧೆಗೆ ವೈದ್ಯರು ನಡೆಯಿರೆಂದು ಎಷ್ಟು ಸಾರಿ ಬರೆದುಕೊಟ್ಟರೇನು? ಆಕೆಯ ಭಯಕ್ಕೆ ನೋಂದಣಿ ಸಂಖ್ಯೆಯಿಲ್ಲ. ದೂರು ಕಡಿಮೆಯಿರುವ ಗಲ್ಲಿಯನ್ನು ನಿರಪಾಯವೆಂದು ಭಾವಿಸಿ ಗಸ್ತನ್ನು ಬೇರೆಡೆಗೆ ತಿರುಗಿಸಿದರೆ, ಕತ್ತಲೆ ಇನ್ನಷ್ಟು ದಟ್ಟವಾಗುತ್ತದೆ.

ಈ ವಿಷಯದಲ್ಲಿ ದೂರದ ಉದಾಹರಣೆಗಳನ್ನು ಹುಡುಕಬೇಕಾಗಿಲ್ಲ. ಮುಂಬಯಿಯ ಮಗ್ಗುಲಲ್ಲೇ ಇರುವ ಪವರ್‌ಲೂಮುಗಳ ಊರು ಭಿವಂಡಿ 1970ರಲ್ಲೂ 1984ರಲ್ಲೂ ಕೋಮುಗಲಭೆಯಿಂದ ಬೆಂದಿತ್ತು. 1988ರಲ್ಲಿ ಅಲ್ಲಿಗೆ ಬಂದ ಪೋಲೀಸ್ ಅಧಿಕಾರಿ ಸುರೇಶ ಖೋಪಡೆ ಅವರು ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಹಳೆಯ ಶಾಂತಿ ಸಮಿತಿಗಳಲ್ಲಿ ಊರಿನ ಮುಖಂಡರೇ ತುಂಬಿರುತ್ತಿದ್ದರು. ಅವು ಬೆಂಕಿ ಬಿದ್ದ ಮೇಲೆ ಸೇರುವ ಸಭೆಗಳು. ಇಲ್ಲಿಯಾದರೋ ಎರಡೂ ಸಮುದಾಯಗಳ ಸಾಮಾನ್ಯ ಜನ ತಮ್ಮ ಗಸ್ತಿನ ಪೋಲೀಸರೊಡನೆ, ಬೆಂಕಿಯಿಲ್ಲದ ದಿನಗಳಲ್ಲೇ ಕೂಡಿ ಕುಳಿತರು. 1992ರ ಡಿಸೆಂಬರಿನಲ್ಲೂ 1993ರ ಜನವರಿಯಲ್ಲೂ ಮುಂಬಯಿ ಹೊತ್ತಿ ಉರಿದಾಗ ಭಿವಂಡಿ ಶಾಂತವಾಗಿತ್ತು. ಆ ಬಳಿಕ ಮುಂಬಯಿಯಲ್ಲೂ ಸತೀಶ ಸಾಹನಿ, ಜೂಲಿಯೋ ರಿಬೇರೊ, ಸುಶೋಭಾ ಬರ್ವೆ ಮೊದಲಾದವರ ಶ್ರಮದಿಂದ ಮೊಹಲ್ಲಾ ಸಮಿತಿಗಳು ಹುಟ್ಟಿದವು. ಗಸ್ತಿನ ಪೇದೆಯ ಹೆಸರು ಗಲ್ಲಿಯವರಿಗೆ ಗೊತ್ತಿರುವುದು, ಗಲ್ಲಿಯವರ ಕಷ್ಟ ಪೇದೆಗೆ ಗೊತ್ತಿರುವುದು: ಇದು ಸಣ್ಣ ಮಾತಲ್ಲ.

2006ರ ಸೆಪ್ಟೆಂಬರ್ 22ರಂದು ಸರ್ವೋಚ್ಚ ನ್ಯಾಯಾಲಯವು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಪೋಲೀಸ್ ಸುಧಾರಣೆಯ ಆದೇಶಗಳನ್ನಿತ್ತಿತು. ರಾಜ್ಯಮಟ್ಟದಲ್ಲಿ ನೀತಿಯನ್ನು ರೂಪಿಸಲು ಭದ್ರತಾ ಆಯೋಗವಿರಬೇಕೆಂಬುದು ಅವುಗಳಲ್ಲೊಂದು. ಒಳ್ಳೆಯದೇ. ಆದರೆ ಯಾವ ಬೀದಿದೀಪ ಆರಿದೆ ಎಂಬುದು ಆಯೋಗಕ್ಕೆ ಕಾಣಿಸದು.

ಹಾಗೆಂದು ಸಭೆ ಕರೆದ ಮಾತ್ರಕ್ಕೆ ಎಲ್ಲವೂ ಸರಿಹೋಯಿತೆನ್ನಲಾಗದು. ಬೆಳಗಿನ ಹನ್ನೊಂದಕ್ಕೆ ಸಭೆಯೆಂದರೆ ಬರುವವರು ನಿವೃತ್ತರು ಮತ್ತು ಹೌಸಿಂಗ್ ಸೊಸೈಟಿಗಳ ಕಾರ್ಯದರ್ಶಿಗಳು. ಅವರ ಮೊದಲ ಬೇಡಿಕೆ ಪಾರ್ಕಿಂಗ್, ಎರಡನೆಯದು ಫುಟ್‌ಪಾತಿನ ತರಕಾರಿ ಗಾಡಿಗಳನ್ನು ಎಬ್ಬಿಸುವುದು! ರಾತ್ರಿ ಹತ್ತರವರೆಗೆ ದೀಪ ಹಚ್ಚಿ ಕುಳಿತಿರುವ ಆ ಗಾಡಿಯವನೇ ಒಂಟಿ ಹೆಂಗಸಿಗೆ ಬೀದಿಯಲ್ಲಿರುವ ಏಕೈಕ ಧೈರ್ಯವೆಂಬುದು ಅವರ ಗಮನಕ್ಕೆ ಬರುವುದಿಲ್ಲ. ಅನುಕೂಲಸ್ಥರ ಕಿರಿಕಿರಿಯನ್ನು ಭದ್ರತೆಯೆಂದು ಕರೆದರೆ ಆದ್ಯತೆಯ ಅರ್ಥವೇ ಕೆಟ್ಟಂತೆ. ಸಭೆ ರಾತ್ರಿಯ ವೇಳೆಯಲ್ಲೂ ನಡೆಯಲಿ. ವಾಚ್‌ಮನ್, ಮನೆಗೆಲಸದವರು, ಹೋಟೆಲ್ ನೌಕರರು, ಕಾಲೇಜಿನ ಹುಡುಗಿಯರು ಮೊದಲು ಮಾತಾಡಲಿ. ಎರಡೋ ಮೂರೋ ವಿಷಯಗಳನ್ನು ಮಾತ್ರ ಆರಿಸಿ, ಸ್ಥಳ ಮತ್ತು ವೇಳೆಯ ಸಹಿತ ಬರೆದಿಡಲಿ. ಮುಂದಿನ ತಿಂಗಳು ಅದೇ ಹಾಳೆಯನ್ನು ಮುಂದಿಟ್ಟು ಏನಾಯಿತೆಂದು ಠಾಣೆಯವರು ತಿಳಿಸಲಿ. ದೀಪದ ಕಂಬ ಮಹಾನಗರಪಾಲಿಕೆಯದಾದರೆ ಅಲ್ಲಿಯ ವಾರ್ಡ್ ಕಚೇರಿಯವರೂ ಅದೇ ಮೇಜಿಗೆ ಬರಬೇಕಾಗುತ್ತದೆ.

ಗಸ್ತು ಮುಟ್ಟಲಾರದ ಕಳ್ಳತನವೂ ಈಗ ಬೆಳೆದಿದೆ. ಪೋಲೀಸರೆಂದು ಹೇಳಿಕೊಂಡು ವಿಡಿಯೋ ಕರೆಯಲ್ಲಿ ಹೆದರಿಸಿ, ‘ಡಿಜಿಟಲ್ ಅರೆಸ್ಟ್’ ಎಂಬ ಹೆಸರಿನಲ್ಲಿ ವೃದ್ಧರ ಠೇವಣಿಗಳನ್ನು ಬರಿದುಮಾಡುತ್ತಾರೆ. ಅಂತಹ ಬಂಧನ ಯಾವ ಕಾನೂನಿನಲ್ಲೂ ಇಲ್ಲ. ಹಣ ಹೋದ ತಕ್ಷಣ 1930ಕ್ಕೆ ಕರೆ ಮಾಡಬೇಕು. ಇದನ್ನು ಮನೆಮನೆಗೆ ಮುಟ್ಟಿಸುವುದು ಗಸ್ತಿನ ಪೇದೆಗೆ ಸುಲಭಸಾಧ್ಯ.

ಕನ್ನಡ ಸಂಘಗಳಿಗೂ ಇಲ್ಲಿ ಕೆಲಸವಿದೆ. ಒಂಟಿಯಾಗಿ ಬಾಳುವ ಹಿರಿಯರ ಹೆಸರನ್ನು ನೋಂದಾಯಿಸಿಕೊಂಡು ಭೇಟಿಯಿತ್ತು ವಿಚಾರಿಸುವ ಕ್ರಮ ಮುಂಬಯಿ ಪೋಲೀಸರಲ್ಲಿದೆ. ಆದರೆ ಮಗನ ಮನೆಗೆಂದು ಕುಂದಾಪುರದಿಂದಲೋ ಗದಗಿನಿಂದಲೋ ಬಂದು, ಮರಾಠಿಯೂ ಹಿಂದಿಯೂ ಬಾರದೆ, ಹಗಲೆಲ್ಲ ಚಿಲಕ ಹಾಕಿಕೊಂಡು ಕೂರುವ ತಾಯಂದಿರು ಆ ಪಟ್ಟಿಯಲ್ಲಿ ಎಷ್ಟು ಮಂದಿ? ಸಂಘದ ಕಾರ್ಯಕರ್ತರು ಒಂದು ಭಾನುವಾರ ಅಂತಹವರ ಹೆಸರು ಬರೆದುಕೊಂಡು ಠಾಣೆಗೆ ಒಪ್ಪಿಸಿ, ಪೋಲೀಸರ ಮೊದಲ ಭೇಟಿಗೆ ದುಭಾಷಿಗಳಾಗಿ ಜೊತೆಗೆ ಹೋಗಬಹುದು.